ಕೆಲಸದ ಜಾಗದ ತರಬೇತಿ ಮತ್ತು ವಯಸ್ಕರ ಕಲಿಕೆಯಲ್ಲಿ ಸ್ನಾತಕೋತ್ತರ ಅಧ್ಯಯನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಖಾನೆಯೊಂದರ ತರಬೇತಿ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ, ಆಮೇಲೆ ದೂರಶಿಕ್ಷಣದ ಮೂಲಕ ವಯಸ್ಕರ ಶಿಕ್ಷಣದಲ್ಲಿ ಎಂ.ಎ. ಮುಗಿಸಿದವನು ನಾನು. ಬ್ಯಾಂಕು, ಐಟಿಐ, ಆಸ್ಪತ್ರೆ, ಗಾರ್ಮೆಂಟ್ಸ್, ಸಾಫ್ಟ್‌ವೇರ್ ಕಂಪನಿ, ಸ್ವಯಂಸೇವಾ ಸಂಸ್ಥೆ ಹೀಗೆ ಬೇರೆ ಬೇರೆ ಕಡೆ ದೊಡ್ಡವರಿಗೆ ಕಲಿಸುವ ಕೆಲಸದಲ್ಲಿರುವವರು ಈ ಓದಿನ ಬಗ್ಗೆ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಶುಲ್ಕ, ಅರ್ಜಿಯ ಕೊನೆಯ ದಿನ ಮುಂತಾದವು ವರ್ಷವರ್ಷಕ್ಕೂ ಬದಲಾಗುವುದರಿಂದ ಅವನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು.

ಬಿ.ಇಡಿ.ಗಿಂತ, ಎಚ್‌ಆರ್ ಎಂಬಿಎಗಿಂತ ಇದು ಹೇಗೆ ಬೇರೆ?

ಬಿ.ಇಡಿ. ರೂಪುಗೊಂಡದ್ದು ಶಾಲೆಯ ಮಕ್ಕಳನ್ನೂ ನಿಗದಿಯಾದ ಪಠ್ಯಕ್ರಮವನ್ನೂ ಮುಂದಿಟ್ಟುಕೊಂಡು. ಎಚ್‌ಆರ್ ಎಂಬಿಎಯಲ್ಲಿ ನೇಮಕಾತಿ, ವೇತನ, ಕಾರ್ಮಿಕ ಕಾನೂನುಗಳ ನಡುವೆ ತರಬೇತಿಗೆ ಒಂದೆರಡು ಪತ್ರಿಕೆಗಳಷ್ಟು ಜಾಗ ಸಿಕ್ಕಿದರೆ ಹೆಚ್ಚು. ಇಲ್ಲಿ ನಮ್ಮ ಅಧ್ಯಯನಕ್ಕೆ ಒಳಗಾಗುವ ವಿದ್ಯಾರ್ಥಿಯಾದರೋ ಮನೆ, ಸಾಲ, ಶಿಫ್ಟು, ಮಕ್ಕಳ ಶಾಲೆ ಎಲ್ಲವನ್ನೂ ಹೊತ್ತುಕೊಂಡು ಬಂದ ದೊಡ್ಡ ಮನುಷ್ಯ. ಅವನಿಗೆ ಈಗಾಗಲೇ ಏನೋ ಗೊತ್ತಿದೆ. ಎಷ್ಟೋ ಸಲ ಕಲಿಸುವವನಿಗಿಂತ ಹೆಚ್ಚು ಗೊತ್ತಿದೆ. ಅಂಥವನು ಹೊಸದನ್ನು ಹೇಗೆ ಕಲಿಯುತ್ತಾನೆ, ಯಾವಾಗ ಕಲಿಯಲು ಒಲ್ಲೆ ಎನ್ನುತ್ತಾನೆ, ಕಲಿತದ್ದು ಕೆಲಸದಲ್ಲಿ ಏಕೆ ಉಳಿಯುತ್ತದೆ ಅಥವಾ ಉಳಿಯುವುದಿಲ್ಲ ಎಂಬುದೇ ಈ ಅಧ್ಯಯನದ ವಸ್ತು.

ವಿಶ್ವವಿದ್ಯಾಲಯಗಳು ಇದಕ್ಕೆ ಒಂದೇ ಹೆಸರಿಟ್ಟಿಲ್ಲ. ವಯಸ್ಕರ ಶಿಕ್ಷಣ, ಮುಂದುವರಿಕೆ ಶಿಕ್ಷಣ, ಜೀವನಪರ್ಯಂತ ಕಲಿಕೆ, ಮಾನವ ಸಂಪನ್ಮೂಲ ಅಭಿವೃದ್ಧಿ, ವರ್ಕ್‌ಪ್ಲೇಸ್ ಲರ್ನಿಂಗ್, ಇನ್‌ಸ್ಟ್ರಕ್ಷನಲ್ ಡಿಸೈನ್ (ಪಾಠದ ವಿನ್ಯಾಸ) ಇವೆಲ್ಲ ಅಕ್ಕಪಕ್ಕದ ಹೊಲಗಳು. ಆದ್ದರಿಂದ ಹೆಸರನ್ನು ನಂಬದೆ ಪತ್ರಿಕೆಗಳ ಪಟ್ಟಿಯನ್ನು ಓದುವುದು ಕ್ಷೇಮ.

ವಯಸ್ಕರು ನಿಜವಾಗಿಯೂ ಬೇರೆ ರೀತಿಯಲ್ಲಿ ಕಲಿಯುತ್ತಾರೆಯೇ?

ಮೊದಲ ಸೆಮಿಸ್ಟರಿನಲ್ಲಿಯೇ ಎದುರಾಗುವ ಪ್ರಶ್ನೆ ಇದು. 'ಆಂಡ್ರಗಾಜಿ', ಅಂದರೆ ವಯಸ್ಕರಿಗೆ ಕಲಿಸುವ ವಿದ್ಯೆ, ಎಂಬ ಪದವನ್ನು 1833ರಲ್ಲಿ ಅಲೆಕ್ಸಾಂಡರ್ ಕಾಪ್ ಎಂಬ ಜರ್ಮನ್ ಶಿಕ್ಷಕ ಬಳಸಿದ್ದ. ಅದನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರು ಮಾಲ್ಕಮ್ ನೋಲ್ಸ್. ವಯಸ್ಕನಿಗೆ ತನ್ನ ನಿರ್ಧಾರ ತನ್ನದೆಂಬ ಭಾವ ಇರುತ್ತದೆ, ಬೆನ್ನ ಹಿಂದೆ ಅನುಭವದ ಗಂಟು ಇರುತ್ತದೆ, ಬದುಕಿನಲ್ಲಿ ಅಗತ್ಯ ಬಂದಾಗ ಕಲಿಯಲು ಸಿದ್ಧನಾಗುತ್ತಾನೆ, ವಿಷಯಕ್ಕಿಂತ ಸಮಸ್ಯೆಯ ಸುತ್ತ ಕಲಿಯುತ್ತಾನೆ ಎಂಬುದು ಅವರ ವಾದದ ತಿರುಳು.

ಕೇಳಲು ಹಿತವಾದ ಈ ಮಾತುಗಳನ್ನು ತರಬೇತುದಾರರು ಮಂತ್ರದಂತೆ ಹೇಳುತ್ತಾರೆ. ಸ್ನಾತಕೋತ್ತರ ಓದು ಅವುಗಳನ್ನು ಪ್ರಶ್ನಿಸಲು ಕಲಿಸುತ್ತದೆ. ಮಕ್ಕಳೂ ಅನುಭವದಿಂದ ಕಲಿಯುತ್ತಾರೆ. ದೊಡ್ಡವರೂ ಪೂರ್ತಿ ಹೊಸ ಯಂತ್ರದ ಮುಂದೆ ನಿಂತಾಗ ಯಾರಾದರೂ ಹೆಜ್ಜೆ ಹೆಜ್ಜೆಯಾಗಿ ತೋರಿಸಲಿ ಎಂದೇ ಬಯಸುತ್ತಾರೆ. ನೋಲ್ಸ್ ಅವರೇ ಮುಂದೆ ತಮ್ಮ ನಿಲುವನ್ನು ಸಡಿಲಿಸಿ, ಮಕ್ಕಳ ಶಿಕ್ಷಣ ಮತ್ತು ವಯಸ್ಕರ ಶಿಕ್ಷಣಗಳನ್ನು ಎದುರುಬದುರಾಗಿ ನಿಲ್ಲಿಸುವ ಬದಲು ಒಂದೇ ದಾರಿಯ ಎರಡು ತುದಿಗಳೆಂದು ನೋಡಿದರು. ನನ್ನ ಅನುಭವದಲ್ಲಿ ಅನುಭವವೇ ಕಲಿಕೆಗೆ ಅಡ್ಡ ಬರುವುದೂ ಉಂಟು. ಇಪ್ಪತ್ತು ವರ್ಷ ಒಂದೇ ಬಗೆಯ ಲೇತ್ ನಡೆಸಿದವರಿಗೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರ, ಕಲಿಸುವಾಗ, ಅವರು ಬಲ್ಲದ್ದನ್ನು ಬಿಡಿಸುವುದೇ ಹೊಸದನ್ನು ಹೇಳುವುದಕ್ಕಿಂತ ಕಷ್ಟವಾಗಿತ್ತು.

ಎರಡು ವರ್ಷ ಓದುವುದಾದರೂ ಏನನ್ನು?

ಅತಿ ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ: ತರಬೇತಿ ಬೇಕೇ ಬೇಡವೇ ಎಂದು ಕಂಡುಹಿಡಿಯುವ ವಿದ್ಯೆ. ಕಾರ್ಖಾನೆಯಲ್ಲಿ ಏನು ಕೆಟ್ಟರೂ 'ಇವರಿಗೆ ಒಂದು ಟ್ರೇನಿಂಗ್ ಕೊಡಿಸಿ' ಎಂಬ ಮಾತು ಬರುತ್ತದೆ. ನಾನಿದ್ದ ಕಡೆ ಒಂದು ಲೈನಿನಲ್ಲಿ ಅಳತೆ ತಪ್ಪಿದ ಭಾಗಗಳು ಹೆಚ್ಚು ಬರುತ್ತಿದ್ದವು. ಅದೇ ಹದಿನಾಲ್ಕು ಜನರನ್ನು ಕೂರಿಸಿ ಅಳತೆಯ ಉಪಕರಣವಾದ ಗೇಜ್ ಓದುವುದು ಹೇಗೆಂದು ಮೂರು ಸಲ ಪಾಠ ಮಾಡಿದೆ. ಮೂರನೆಯ ಸಲ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹಿರಿಯ ಆಪರೇಟರ್ ಒಬ್ಬರು, 'ಓದೋಕೆ ಬರುತ್ತೆ ಸರ್, ಆದರೆ ಎರಡನೇ ಶಿಫ್ಟಲ್ಲಿ ಆ ಮೂಲೆಯಲ್ಲಿ ಲೈಟೇ ಇರಲ್ಲ' ಎಂದರು. ಎರಡು ಟ್ಯೂಬ್‌ಲೈಟ್ ಹಾಕಿಸಿದ ಮೇಲೆ ಸಮಸ್ಯೆ ಬಹುಮಟ್ಟಿಗೆ ತೀರಿತು. ಅಮೆರಿಕದ ರಾಬರ್ಟ್ ಮೇಗರ್ 1970ರ ಸುಮಾರಿಗೆ ಒಂದು ಸರಳ ಪರೀಕ್ಷೆಯನ್ನು ಸೂಚಿಸಿದ್ದರೆಂದು ಮುಂದೆ ಓದಿದೆ: ಜೀವಕ್ಕೆ ಸಂಚಕಾರ ಬಂದರೆ ಆತ ಈ ಕೆಲಸವನ್ನು ಮಾಡಬಲ್ಲನೇ ಎಂದು ಕೇಳಿಕೊಳ್ಳಬೇಕು, ಮಾಡಬಲ್ಲನಾದರೆ ಕೊರತೆ ಇರುವುದು ಅವನ ಕೌಶಲದಲ್ಲಲ್ಲ, ಆದ್ದರಿಂದ ಪಾಠ ಮಾಡಿ ಪ್ರಯೋಜನವಿಲ್ಲ. ಈ ಒಂದು ಪ್ರಶ್ನೆ ಆ ಹದಿನಾಲ್ಕು ಜನರ ಮೂರು ಮಧ್ಯಾಹ್ನಗಳನ್ನು ಉಳಿಸುತ್ತಿತ್ತು.

ಎರಡನೆಯದು ಪಾಠದ ವಿನ್ಯಾಸ. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಎಂಬ ಐದು ಹಂತಗಳ ಮಾದರಿಯ ಮೂಲ 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಮೆರಿಕದ ಸೈನ್ಯಕ್ಕಾಗಿ ಮಾಡಿದ ಕೆಲಸದಲ್ಲಿದೆ. ಅದಕ್ಕೂ ಹಿಂದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹೊಸಬರನ್ನು ಬೇಗ ಕೆಲಸಕ್ಕೆ ಹಚ್ಚಲು ಅಮೆರಿಕದ ಕಾರ್ಖಾನೆಗಳ ಮೇಸ್ತ್ರಿಗಳಿಗೆ ನಾಲ್ಕು ಹೆಜ್ಜೆಗಳ ಕ್ರಮವೊಂದನ್ನು ಕಲಿಸಲಾಗಿತ್ತು: ಕಲಿಯುವವನನ್ನು ಸಿದ್ಧಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸಿ ನೋಡು, ಆಮೇಲೂ ಗಮನವಿಡು. ಇಂದಿಗೂ ಶಾಪ್ ಫ್ಲೋರಿನಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ.

ಮೂರನೆಯದು, ನನಗೆ ಅತ್ಯಂತ ಪ್ರಿಯವಾದದ್ದು, ತರಗತಿಯೇ ಇಲ್ಲದೆ ನಡೆಯುವ ಕಲಿಕೆ. ಮಾನವಶಾಸ್ತ್ರಜ್ಞೆ ಜೀನ್ ಲೇವ್ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಅಂಗಡಿಗಳಲ್ಲಿ ಕುಳಿತು, ಹುಡುಗರು ಕಸುಬು ಕಲಿಯುವ ಬಗೆಯನ್ನು ಗಮನಿಸಿದರು. ಬಟ್ಟೆ ತಯಾರಾಗುವ ಕ್ರಮ ಕತ್ತರಿಸುವುದರಿಂದ ಶುರುವಾಗಿ ಗುಂಡಿ ಹೊಲಿಯುವುದರಲ್ಲಿ ಮುಗಿದರೆ, ಕಲಿಯುವ ಕ್ರಮ ಅದಕ್ಕೆ ತಿರುಗುಮುರುಗು: ಮೊದಲು ಗುಂಡಿ ಮತ್ತು ಅಂಚು, ಆಮೇಲೆ ಹೊಲಿಗೆ, ಕಟ್ಟಕಡೆಗೆ ಕತ್ತರಿ. ಗುಂಡಿ ತಪ್ಪಿದರೆ ಬಿಚ್ಚಿ ಹಾಕಬಹುದು. ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಅಷ್ಟೇ ಅಲ್ಲ, ಅಂಚು ಮಡಿಸುತ್ತ ಕೂತ ಹುಡುಗನ ಕಣ್ಣಿಗೆ ಇಡೀ ಅಂಗಿಯ ಆಕಾರ ಬೀಳುತ್ತಿರುತ್ತದೆ. ನಮ್ಮ ಊರಿನ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುತ್ತ ಶುರುಮಾಡಿದ ಹುಡುಗರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿಯೇ ಬೆಳೆಸಿದರು: ಕಲಿಯುವುದೆಂದರೆ ಒಂದು ಕಸುಬಿನ ಬಳಗದ ಅಂಚಿನಿಂದ ನಿಧಾನವಾಗಿ ಒಳಕ್ಕೆ ಬರುವುದು.

ನಾಲ್ಕನೆಯದು ಮೌಲ್ಯಮಾಪನ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದ ಲೇಖನಗಳಿಂದ ಬಂದ ನಾಲ್ಕು ಮೆಟ್ಟಿಲುಗಳು, ಅಂದರೆ ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ, ಇಂದಿಗೂ ಚಲಾವಣೆಯಲ್ಲಿವೆ. ನಮ್ಮ ಹೆಚ್ಚಿನ ಸಂಸ್ಥೆಗಳು ಮೊದಲನೆಯ ಮೆಟ್ಟಿಲಲ್ಲೇ ನಿಂತುಬಿಡುತ್ತವೆ. ಊಟ ಚೆನ್ನಾಗಿದ್ದರೆ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಒಳ್ಳೆಯ ಅಂಕ ಬರುತ್ತದೆ.

ಇವಲ್ಲದೆ ಸಂಶೋಧನಾ ವಿಧಾನ, ಶಿಕ್ಷಣ ನೀತಿ, ವಯಸ್ಕರ ಶಿಕ್ಷಣದ ಇತಿಹಾಸದ ಪತ್ರಿಕೆಗಳೂ ಇರುತ್ತವೆ.

ಸಾಕ್ಷರತಾ ಆಂದೋಲನಕ್ಕೂ ಕಂಪನಿಯ ತರಬೇತಿಗೂ ಏನು ಸಂಬಂಧ? ಎರಡನ್ನೂ ಒಂದೇ ಪದವಿಯಲ್ಲಿ ಏಕೆ ಓದಬೇಕು?

ಸಾಫ್ಟ್‌ವೇರ್ ಕಂಪನಿಯಿಂದ ಬಂದವರು ಈ ಪ್ರಶ್ನೆಯನ್ನು ಸ್ವಲ್ಪ ಬೇಸರದಿಂದಲೇ ಕೇಳುತ್ತಾರೆ. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾಲೊ ಫ್ರೇರಿ 1963ರಲ್ಲಿ ಆಂಜಿಕೊಸ್ ಎಂಬ ಸಣ್ಣ ಊರಿನಲ್ಲಿ ಸುಮಾರು 300 ಜನ ದುಡಿಯುವವರಿಗೆ ಸುಮಾರು 40 ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸಲು ಹೊರಟಾಗ, ಅವರ ದಿನನಿತ್ಯದ ಮಾತಿನಿಂದಲೇ ಪದಗಳನ್ನು ಆರಿಸಿಕೊಂಡಿದ್ದರು. ಕಲಿಯುವವನ ತಲೆ ಬ್ಯಾಂಕಿನ ಖಾತೆಯಂತೆ ತುಂಬಿಸುವ ವಸ್ತುವಲ್ಲ ಎಂಬ ಅವರ ಮಾತು, ನೂರಿಪ್ಪತ್ತು ಸ್ಲೈಡುಗಳ ಪಿಪಿಟಿಯನ್ನು ಒಂದೇ ದಿನದಲ್ಲಿ ಮುಗಿಸುವ ನಮ್ಮ ಕಾರ್ಪೊರೇಟ್ ತರಬೇತಿಗೆ ನೇರವಾಗಿಯೇ ತಾಗುತ್ತದೆ.

ಭಾರತದಲ್ಲಿಯೂ ಈ ಎರಡು ಧಾರೆಗಳು ಒಂದಕ್ಕೊಂದು ಹೊಂದಿಕೊಂಡೇ ಹರಿದಿವೆ. ನಗರದ ಕಾರ್ಮಿಕರಿಗಾಗಿ ಮೊದಲ ಶ್ರಮಿಕ ವಿದ್ಯಾಪೀಠ ಮುಂಬೈನ ವರ್ಲಿಯಲ್ಲಿ ಶುರುವಾದದ್ದು 1967ರಲ್ಲಿ. ಅಂಥ ಸಂಸ್ಥೆಗಳು 2000ದಲ್ಲಿ ಜನ ಶಿಕ್ಷಣ ಸಂಸ್ಥಾನಗಳೆಂದು ಹೆಸರು ಬದಲಿಸಿಕೊಂಡು, 2018ರಲ್ಲಿ ಕೌಶಲಾಭಿವೃದ್ಧಿ ಸಚಿವಾಲಯಕ್ಕೆ ಸೇರಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ತನ್ನ 21ನೆಯ ಅಧ್ಯಾಯವನ್ನು ವಯಸ್ಕರ ಶಿಕ್ಷಣ ಮತ್ತು ಜೀವನಪರ್ಯಂತ ಕಲಿಕೆಗೆ ಮೀಸಲಿಟ್ಟು, ಅದರಲ್ಲಿ ಸಾಕ್ಷರತೆಯ ಜೊತೆಗೆ ವೃತ್ತಿ ಕೌಶಲವನ್ನೂ ಸೇರಿಸಿದೆ.

ಜನರು ಓದಿದ್ದರಲ್ಲಿ ಶೇ. 10, ಮಾಡಿದ್ದರಲ್ಲಿ ಶೇ. 90 ನೆನಪಿಡುತ್ತಾರೆ ಎಂಬ ಲೆಕ್ಕವನ್ನೂ ಕಲಿಸುತ್ತಾರೆಯೇ?

ಒಳ್ಳೆಯ ವಿಭಾಗವಾದರೆ ಅದನ್ನು ಮರೆಯಲು ಕಲಿಸುತ್ತದೆ. ತರಬೇತುದಾರರ ಸ್ಲೈಡುಗಳಲ್ಲಿ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಹೆಸರಿನೊಂದಿಗೆ ಕಾಣುವ ಆ ಪಿರಮಿಡ್ಡಿನ ಶೇಕಡಾವಾರು ಅಂಕಿಗಳು ಡೇಲ್ 1946ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಇರಲೇ ಇಲ್ಲ. ಯಾರೋ ಆಮೇಲೆ ಸೇರಿಸಿದರು. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ಜನರನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಬೇಕೆಂಬ ನಂಬಿಕೆಗೂ ಸಾಕಷ್ಟು ಪುರಾವೆ ಇಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರ ತಮ್ಮ ವಿಮರ್ಶೆಯಲ್ಲಿ ತೋರಿಸಿದ್ದಾರೆ. ಇದಕ್ಕೆ ಬದಲಾಗಿ, ಕಲಿತದ್ದನ್ನು ಪುನಃ ಓದುವುದಕ್ಕಿಂತ ನೆನಪಿನಿಂದ ಹೊರತೆಗೆದು ಹೇಳುವುದು ಹೆಚ್ಚು ಕಾಲ ಉಳಿಯುತ್ತದೆ ಎಂಬುದಕ್ಕೆ ಗಟ್ಟಿಯಾದ ಪ್ರಯೋಗಗಳಿವೆ. ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗ ಅವುಗಳಲ್ಲಿ ಹೆಸರಾದದ್ದು. ಇಂಥ ಜೊಳ್ಳು ಕಾಳುಗಳನ್ನು ಬೇರ್ಪಡಿಸುವ ಶಕ್ತಿಗೇ ಎರಡು ವರ್ಷದ ಶುಲ್ಕ ಸಾರ್ಥಕ ಎನ್ನುವವನು ನಾನು.

ಭಾರತದಲ್ಲಿ ಎಲ್ಲಿ ಓದಬಹುದು?

ಕೆಲಸ ಬಿಡದೆ ಓದಬೇಕೆನ್ನುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅಂದರೆ ಇಗ್ನೋದ ವಯಸ್ಕರ ಶಿಕ್ಷಣ ಎಂ.ಎ. ಹತ್ತಿರದ ದಾರಿ, ಯಾವುದೇ ವಿಷಯದ ಪದವಿ ಇದ್ದರೂ ಸೇರಬಹುದು. ದೆಹಲಿ ವಿಶ್ವವಿದ್ಯಾಲಯದ ವಯಸ್ಕರ, ಮುಂದುವರಿಕೆ ಶಿಕ್ಷಣ ಮತ್ತು ವಿಸ್ತರಣಾ ವಿಭಾಗದಲ್ಲಿ ಜೀವನಪರ್ಯಂತ ಕಲಿಕೆ ಮತ್ತು ವಿಸ್ತರಣೆಯ ಎಂ.ಎ. ಇದೆ. ಕೇವಲ ಸಂಸ್ಥೆಗಳೊಳಗಿನ ತರಬೇತಿಯ ಕಡೆಗೆ ಒಲವಿರುವವರು 1970ರಲ್ಲಿ ಸ್ಥಾಪನೆಯಾದ ಇಂಡಿಯನ್ ಸೊಸೈಟಿ ಫಾರ್ ಟ್ರೇನಿಂಗ್ ಅಂಡ್ ಡೆವಲಪ್‌ಮೆಂಟ್ ನಡೆಸುವ ಡಿಪ್ಲೊಮಾವನ್ನು ನೋಡಬಹುದು. ಅದು ಎಂ.ಎ. ಅಲ್ಲ, ಆದರೆ ತರಬೇತಿ ವೃತ್ತಿಯಲ್ಲಿರುವವರ ನಡುವೆ ಅದಕ್ಕೆ ಬೆಲೆ ಇದೆ.

ಕರ್ನಾಟಕದಲ್ಲಿ ಈ ಹೆಸರಿನ ಪದವಿಯನ್ನೇ ಹುಡುಕುತ್ತ ಕೂರುವುದಕ್ಕಿಂತ, ಶಿಕ್ಷಣಶಾಸ್ತ್ರದ ಎಂ.ಎ. ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಸೇರಿ, ಪ್ರಬಂಧವನ್ನು ವಯಸ್ಕರ ಕಲಿಕೆಯ ಮೇಲೆ ಬರೆಯುವುದು ಜಾಣತನವೆಂದು ನನಗನ್ನಿಸುತ್ತದೆ. ಏಕೆಂದರೆ ಪದವಿಯ ವಿಷಯದಲ್ಲಿ ನಾವು ಹಿಂದಿದ್ದರೂ ಅಧ್ಯಯನಕ್ಕೆ ಬೇಕಾದ ನೆಲ ನಮ್ಮಲ್ಲಿ ಹೇರಳವಾಗಿದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಗ್ರಾಮೀಣ ಯುವಜನರಿಗೆ ಅಲ್ಪಾವಧಿಯ ವಸತಿ ತರಬೇತಿ ಕೊಟ್ಟು, ಮುಗಿದ ಮೇಲೂ ಅವರ ಬೆನ್ನ ಹಿಂದೆ ನಿಲ್ಲುವ ಕ್ರಮವನ್ನು ರೂಢಿಸಿತು. ಅದೇ ಮಾದರಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಿಗೆ ಹಬ್ಬಿತು. ಮೈಸೂರಿನಲ್ಲಿ ಸರ್ಕಾರಿ ನೌಕರರಿಗಾಗಿ ಆಡಳಿತ ತರಬೇತಿ ಸಂಸ್ಥೆಯೂ, ಪಂಚಾಯಿತಿ ಸದಸ್ಯರು ಮತ್ತು ಸಿಬ್ಬಂದಿಗಾಗಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆಯೂ ಇವೆ. ಬಿಡದಿಯಲ್ಲಿ 2007ರಿಂದ ಟೊಯೋಟಾದ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಐಟಿಐ ಬೋಧಕರಾಗಬೇಕೆನ್ನುವವರ ದಾರಿಯೇ ಬೇರೆ. ಅವರಿಗೆ ಬೇಕಾದದ್ದು ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳಲ್ಲಿ ನಡೆಯುವ ಬೋಧಕರ ತರಬೇತಿಯೇ ಹೊರತು ಎಂ.ಎ. ಅಲ್ಲ.

ವಿದೇಶದಲ್ಲಿ?

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು ಈ ವಿಷಯದ ಹಳೆಯ ಮನೆ. ಬದುಕಿನ ಒಂದು ಪೆಟ್ಟು ನಮ್ಮ ಹಳೆಯ ನಂಬಿಕೆಗಳನ್ನು ಅಲುಗಾಡಿಸಿದಾಗ ನಡೆಯುವ ಕಲಿಕೆಯ ಬಗ್ಗೆ 1978ರಿಂದ ಬರೆದ ಜ್ಯಾಕ್ ಮೆಜಿರೋ ಅಲ್ಲಿಯೇ ಇದ್ದವರು. ಪೆನ್ ಸ್ಟೇಟ್, ಜಾರ್ಜಿಯಾ ವಿಶ್ವವಿದ್ಯಾಲಯ, ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯಗಳೂ ಹೆಸರಾದವು. ಯುರೋಪಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಮಾಲ್ಟಾ, ತಾಲಿನ್ ಮುಂತಾದ ಕಡೆಯ ವಿಶ್ವವಿದ್ಯಾಲಯಗಳು ಸೇರಿ ನಡೆಸಿದ, ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯ ಸ್ನಾತಕೋತ್ತರ ಪದವಿ ವಿದ್ಯಾರ್ಥಿವೇತನದ ಕಾರಣಕ್ಕೆ ಭಾರತೀಯರ ಗಮನ ಸೆಳೆದಿದೆ.

ಅಮೆರಿಕಕ್ಕೆ ಹೋಗುವವರಿಗೆ ಒಂದು ಮಾತು. ಅಲ್ಲಿ ಓದು ಮುಗಿದ ಮೇಲೆ ಎಷ್ಟು ಕಾಲ ಕೆಲಸ ಮಾಡಬಹುದೆಂಬುದು ಪದವಿಗೆ ಕೊಟ್ಟಿರುವ ಸರ್ಕಾರಿ ವರ್ಗ ಸಂಖ್ಯೆಯನ್ನು ಅವಲಂಬಿಸಿದೆ. ಒಂದೇ ವಿಭಾಗದ ಎರಡು ಪದವಿಗಳಿಗೆ ಬೇರೆ ಬೇರೆ ಸಂಖ್ಯೆ ಇರಬಹುದು. ಸಾಲ ಮಾಡಿ ಹೊರಡುವ ಮುನ್ನ ಆ ಸಂಖ್ಯೆಯನ್ನು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಕೇಳಿ ಪಡೆಯಿರಿ. ಪತಿಯ ಅಥವಾ ಪತ್ನಿಯ ವೀಸಾದ ಮೇಲೆ ಈಗಾಗಲೇ ಅಲ್ಲಿರುವವರು ಸಂಜೆಯ ಅಥವಾ ಆನ್‌ಲೈನ್ ತರಗತಿಗಳಿಂದ ಆರಂಭಿಸುವುದು ಹಗುರವಾದ ದಾರಿ.

ಪದವಿ ಮುಗಿದ ಕೂಡಲೇ ಸೇರಬಹುದೇ, ಅನುಭವ ಬೇಕೇ?

ನಿಯಮದ ಪ್ರಕಾರ ಹೆಚ್ಚಿನ ಕಡೆ ಸೇರಬಹುದು. ನನ್ನ ಸಲಹೆ ಮಾತ್ರ ಬೇರೆ: ಕನಿಷ್ಠ ಮೂರು ನಾಲ್ಕು ವರ್ಷ ಎಲ್ಲಾದರೂ ಕೆಲಸ ಮಾಡಿ, ಒಂದಿಷ್ಟು ಬ್ಯಾಚುಗಳನ್ನು ಕೈಯಾರೆ ನಡೆಸಿ, ಒಂದೆರಡು ಬಾರಿ ಸೋತು ಬನ್ನಿ. ಸೋಲು ಇಲ್ಲದೆ ಓದಿದವರಿಗೆ ಸಿದ್ಧಾಂತಗಳು ಪರೀಕ್ಷೆಗೆ ಬರೆಯುವ ಟಿಪ್ಪಣಿಗಳಾಗಿಯೇ ಉಳಿಯುತ್ತವೆ. ಅನುಭವವನ್ನು ಹೊತ್ತು ಬಂದವರಿಗಾದರೋ ಪ್ರತಿ ಪುಟದಲ್ಲಿ ತಮ್ಮ ಹಳೆಯ ಒಂದು ತರಗತಿ ಕಣ್ಣಮುಂದೆ ಬರುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾಗುವುದಿಲ್ಲವೇ?

ಪುಸ್ತಕಗಳು ಬಹುತೇಕ ಇಂಗ್ಲಿಷಿನಲ್ಲಿವೆ. ಮೊದಲ ಆರು ತಿಂಗಳು ಕಷ್ಟವೇ. ಆದರೆ ಈ ವಿಷಯದಲ್ಲಿ ಕನ್ನಡ ಬಲ್ಲವರ ಕೈಯಲ್ಲಿ ಬೇರೆಯವರಿಗಿಲ್ಲದ ಒಂದು ಸಾಧನವಿದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿಯೋ ಪೀಣ್ಯದ ಸಣ್ಣ ಘಟಕದಲ್ಲಿಯೋ ಕೆಲಸಗಾರರು ತಮ್ಮ ಕೌಶಲದ ಬಗ್ಗೆ ಆಡುವುದು ಕನ್ನಡದಲ್ಲಿ: 'ಪಳಗಿದ ಕೈ' ಎನ್ನುತ್ತಾರೆ, 'ಕೆಲಸ ಕೈಗೆ ಹತ್ತಲಿಲ್ಲ' ಎನ್ನುತ್ತಾರೆ, 'ಸೌಂಡಲ್ಲೇ ಗೊತ್ತಾಗುತ್ತೆ' ಎನ್ನುತ್ತಾರೆ. ತತ್ವಶಾಸ್ತ್ರಜ್ಞ ಮೈಕೇಲ್ ಪೊಲಾನಿ 1966ರಲ್ಲಿ ಹೇಳಿದ, ನಾವು ಬಾಯಲ್ಲಿ ಹೇಳಬಲ್ಲುದಕ್ಕಿಂತ ಹೆಚ್ಚನ್ನು ಬಲ್ಲೆವು ಎಂಬ ವಿಚಾರ ಆ ಮೂರನೆಯ ಮಾತಿನಲ್ಲಿ ಅಡಗಿದೆ. ಸಂದರ್ಶನಗಳನ್ನು ಕನ್ನಡದಲ್ಲಿಯೇ ನಡೆಸಿ, ಅವರ ಮಾತನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಂಡು, ಅನುವಾದವನ್ನು ಕೊನೆಗೆ ಮಾಡಿ.

ಕೆಲಸದ ಜೊತೆ ಓದುವುದು ನಿಜವಾಗಿ ಸಾಧ್ಯವೇ?

ಸಾಧ್ಯ, ಮನೆಯವರು ಒಪ್ಪಿದರೆ. ಅಸೈನ್‌ಮೆಂಟುಗಳನ್ನು ಸಾಧ್ಯವಾದಷ್ಟೂ ನಿಮ್ಮ ಕಚೇರಿಯ ನಿಜವಾದ ಸಮಸ್ಯೆಗಳ ಮೇಲೆಯೇ ಬರೆದರೆ ಹೊರೆ ಅರ್ಧವಾಗುತ್ತದೆ. ಆದರೆ ಸಹೋದ್ಯೋಗಿಗಳ ಬಗ್ಗೆ ಬರೆಯುವಾಗ ಅವರ ಒಪ್ಪಿಗೆ ಪಡೆಯಬೇಕು, ಹೆಸರು ಮರೆಸಬೇಕು. ನೀವು ಅವರ ಮೇಲಧಿಕಾರಿಯಾಗಿದ್ದರೆ, ಅವರು 'ಆಗಲಿ ಸರ್' ಎಂದದ್ದು ನಿಜವಾದ ಒಪ್ಪಿಗೆಯೇ ಎಂದು ಎರಡು ಸಲ ಯೋಚಿಸಬೇಕು.

ಆನ್‌ಲೈನ್ ಪದವಿಗೆ ಮಾನ್ಯತೆ ಇದೆಯೇ? ಸಣ್ಣ ಸರ್ಟಿಫಿಕೇಟು ಸಾಲದೇ?

ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳಿಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಅನುಮತಿ ಇರಬೇಕು. ವಿಶ್ವವಿದ್ಯಾಲಯಕ್ಕೆ ಅನುಮತಿ ಇದ್ದರೆ ಸಾಲದು, ನೀವು ಸೇರುವ ಪದವಿಗೂ, ನೀವು ಸೇರುವ ವರ್ಷಕ್ಕೂ ಇದೆಯೇ ಎಂದು ಮಂಡಳಿಯ ಪಟ್ಟಿಯಲ್ಲಿಯೇ ನೋಡಬೇಕು. ಏಜೆಂಟರ ಮಾತನ್ನು ನಂಬಬಾರದು. ತರಗತಿ ನಿರ್ವಹಣೆಯ ಚಾಕಚಕ್ಯತೆ ಮಾತ್ರ ಬೇಕಿದ್ದರೆ ಸರ್ಟಿಫಿಕೇಟು ಸಾಕು, ಎರಡು ವರ್ಷ ಕಳೆಯಬೇಕಾಗಿಲ್ಲ.

ಓದಿದ ಮೇಲೆ ಏನು ಕೆಲಸ ಸಿಗುತ್ತದೆ?

ಕಂಪನಿಗಳ ಕಲಿಕೆ ಮತ್ತು ಅಭಿವೃದ್ಧಿ ವಿಭಾಗ, ಇ-ಲರ್ನಿಂಗ್ ಪಾಠಗಳ ವಿನ್ಯಾಸ, ಬ್ಯಾಂಕು ಮತ್ತು ಸಾರ್ವಜನಿಕ ಉದ್ಯಮಗಳ ತರಬೇತಿ ಕೇಂದ್ರಗಳು, ಕೌಶಲಾಭಿವೃದ್ಧಿ ಯೋಜನೆಗಳು, ಸ್ವಯಂಸೇವಾ ಸಂಸ್ಥೆಗಳು ಇವು ಮುಖ್ಯವಾದವು. ಕಾನೂನು ಕಡ್ಡಾಯ ಮಾಡಿರುವ ತರಬೇತಿಯ ಕೆಲಸವೂ ಇದೆ. ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ ಮಾಲೀಕರು ಜಾಗೃತಿ ಕಾರ್ಯಕ್ರಮಗಳನ್ನು ನಡೆಸಲೇಬೇಕೆನ್ನುತ್ತದೆ. ಅದನ್ನು ಸಹಿ ಹಾಕಿಸಿಕೊಂಡು ಮುಗಿಸುವ ಶಾಸ್ತ್ರವಾಗದಂತೆ ನಡೆಸಬಲ್ಲವರು ಇನ್ನೂ ಕಡಿಮೆ.

ಕಾಲೇಜು ಬೋಧನೆಗೆ ಹೋಗಬೇಕೆನ್ನುವವರಿಗೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ವಯಸ್ಕರ ಶಿಕ್ಷಣ, ಮುಂದುವರಿಕೆ ಶಿಕ್ಷಣ, ಆಂಡ್ರಗಾಜಿ, ಅನೌಪಚಾರಿಕ ಶಿಕ್ಷಣಗಳನ್ನು ಒಟ್ಟುಗೂಡಿಸಿದ ಪ್ರತ್ಯೇಕ ವಿಷಯವಿದೆ. ಅದರ ಸಂಕೇತ ಸಂಖ್ಯೆ 46. ಹುದ್ದೆಗಳು ಮಾತ್ರ ಬೆರಳೆಣಿಕೆಯಷ್ಟು ಎಂಬುದನ್ನು ಮುಚ್ಚಿಡಲಾರೆ. ಪದವಿ ಕೈಗೆ ಬಂದ ಮರುದಿನವೇ ಸಂಬಳ ಏರುತ್ತದೆಂದು ಲೆಕ್ಕ ಹಾಕಿಕೊಂಡು ಬರುವವರಿಗೆ ಎಚ್‌ಆರ್ ಎಂಬಿಎ ಒಳ್ಳೆಯದು.

ಅರ್ಜಿಯ ಜೊತೆಗಿನ ಉದ್ದೇಶ ಪತ್ರದಲ್ಲಿ ಏನು ಬರೆಯಬೇಕು?

'ಜನರಿಗೆ ಕಲಿಸುವುದೆಂದರೆ ನನಗೆ ಬಾಲ್ಯದಿಂದಲೂ ಪ್ರೀತಿ' ಎಂದು ಶುರುಮಾಡಬೇಡಿ. ಎಲ್ಲರೂ ಹಾಗೆಯೇ ಶುರುಮಾಡುತ್ತಾರೆ. ನೀವು ನಡೆಸಿದ ಒಂದೇ ಒಂದು ತರಬೇತಿಯನ್ನು ಆರಿಸಿಕೊಳ್ಳಿ. ಯಾರು ಬಂದಿದ್ದರು, ಅವರನ್ನು ಕಳುಹಿಸಿದವರು ಯಾರು, ಅವರಿಗೆ ಏನು ಬೇಕಿತ್ತು, ನೀವು ಏನು ಕೊಟ್ಟಿರಿ, ತಿಂಗಳ ನಂತರ ಅದರಲ್ಲಿ ಉಳಿದದ್ದೆಷ್ಟು ಎಂದು ಒಂದೂವರೆ ಪುಟದಲ್ಲಿ ಬರೆಯಿರಿ. ಉಳಿದದ್ದೆಷ್ಟು ಎಂದು ನೀವು ನೋಡಿಯೇ ಇಲ್ಲವಾದರೆ, ಅರ್ಜಿ ಹಾಕುವ ಮುನ್ನ ಒಮ್ಮೆ ಆ ಲೈನಿಗೆ ಹೋಗಿ, ಶಿಫ್ಟು ಮುಗಿಯುವ ಹೊತ್ತಿಗೆ ಅವರಲ್ಲಿ ಇಬ್ಬರನ್ನು ಮಾತಾಡಿಸಿ ಬನ್ನಿ.